ಹಾರ್ತಿದ್ದ ಡ್ರೋನ್ ದಿಢೀರ್ ಕೈಕೊಟ್ಟಿತಾ? ರಿಪೇರಿಗೆ ಓಡೋ ಮೊದಲು ಅದು ಬಿದ್ದ ರೀತಿ ನೆನಪಿಸಿಕೊಳ್ಳಿ

ಮದುವೆ ಸೀಸನ್ ಬಂತು ಅಂದ್ರೆ ಕಲ್ಯಾಣ ಮಂಟಪದ ಮೇಲೆ ಡ್ರೋನ್ ಹಾರೋದು ಈಗ ಮಾಮೂಲು. ಗಂಡಿನ ಕಡೆಯವರು ಕಾರಿಂದ ಇಳಿಯೋ ಹೊತ್ತಿಗೆ ಸರಿಯಾಗಿ ಮೇಲಿಂದ ಶಾಟ್ ಬೇಕು. ಸ್ಟುಡಿಯೋ ಹುಡುಗ ತಾರಸಿಯಿಂದ ಡ್ರೋನ್ ಎಬ್ಬಿಸುತ್ತಾನೆ. ಮೊದಲ ಹತ್ತು ಸೆಕೆಂಡ್ ಚೆನ್ನಾಗಿಯೇ ನಿಲ್ಲುತ್ತದೆ. ಆಮೇಲೆ ಯಾರೋ ತಳ್ಳಿದ ಹಾಗೆ ಪಕ್ಕಕ್ಕೆ ಸರಿಯುತ್ತದೆ, ದೊಡ್ಡ ಸುತ್ತು ಹಾಕುತ್ತದೆ, ರಿಮೋಟ್ ಸ್ಟಿಕ್ ಎಷ್ಟು ಎಳೆದರೂ ಮಾತು ಕೇಳುವುದಿಲ್ಲ. ಕೊನೆಗೆ ಶಾಮಿಯಾನದ ಮೇಲೋ, ತೆಂಗಿನ ಗರಿ ಮೇಲೋ. ಕೆಳಗೆ ಜನ ಇದ್ದರೆ ಕಥೆಯೇ ಬೇರೆ.

ಮಾರನೇ ದಿನ ಅದು ಮೊಬೈಲ್ ಅಂಗಡಿಗೆ ಬರುತ್ತದೆ. ‘ಸಿಗ್ನಲ್ ಕಟ್ ಆಯ್ತಣ್ಣ’ ಅಂತ ಹುಡುಗ. ‘ಬ್ಯಾಟರಿ ಹೋಗಿರ್ಬೇಕು, ಹೊಸದು ಹಾಕಿ ನೋಡಪ್ಪ’ ಅಂತ ಅಂಗಡಿಯವರು. ಎರಡೂ ಕೆಲವು ಸಲ ನಿಜ. ಆದರೆ ಸಾವಿರಾರು ರೂಪಾಯಿ ಕೊಟ್ಟು ಬ್ಯಾಟರಿ ಹಾಕಿಸಿ, ಅದೇ ತಾರಸಿಯಿಂದ ಎಬ್ಬಿಸಿ, ಅದೇ ರೀತಿ ಬೀಳಿಸಿಕೊಂಡರೆ ಏನು ಬಂತು? ಕಾರಣ ಏನು ಅನ್ನೋದು ಬಿದ್ದ ಮೇಲೆ ಒಡೆದ ಭಾಗದಲ್ಲಿ ಸಿಗೋದು ಕಡಿಮೆ. ಬೀಳುವ ಮುಂಚಿನ ಐದಾರು ಸೆಕೆಂಡ್ ಅದು ಹೇಗೆ ವರ್ತಿಸಿತು ಅನ್ನೋದರಲ್ಲಿ ಸಿಗುತ್ತದೆ.

ಇದಕ್ಕೆ ಒಂದು ವಿಷಯ ಗೊತ್ತಿರಬೇಕು. ರಿಮೋಟ್ ನೇರವಾಗಿ ಮೋಟರ್ ಓಡಿಸೋದಿಲ್ಲ. ಡ್ರೋನ್ ಒಳಗೆ ಒಂದು ಪುಟ್ಟ ಬೋರ್ಡ್ ಇರುತ್ತದೆ, ಅದೇ ಚಾಲಕ. ನಾಲ್ಕು ಮೋಟರ್‌ಗಳ ವೇಗವನ್ನು ಸೆಕೆಂಡಿಗೆ ನೂರಾರು ಸಲ ಏರಿಸಿ ಇಳಿಸಿ ಗಾಳಿಯಲ್ಲಿ ನಿಲ್ಲಿಸೋದು ಅದರ ಕೆಲಸ. ನಮ್ಮ ಬೆರಳು ‘ಆ ಕಡೆ ಹೋಗು’ ಅಂತ ಹೇಳುತ್ತದೆ ಅಷ್ಟೇ, ಹೋಗೋದು ಹೇಗೆ ಅಂತ ಲೆಕ್ಕ ಹಾಕೋದು ಬೋರ್ಡ್. ಆ ಲೆಕ್ಕಕ್ಕೆ ಬೇಕಾದ ಮಾಹಿತಿ ತಪ್ಪಿದರೆ ರಿಮೋಟ್, ಸಿಗ್ನಲ್, ಬ್ಯಾಟರಿ ಎಲ್ಲ ಸರಿ ಇದ್ದೂ ಡ್ರೋನ್ ಕೈ ಮೀರುತ್ತದೆ.

ಸುತ್ತು ಹಾಕುತ್ತಾ ದೂರ ಹೋಯ್ತಾ? ತಾರಸಿಯ ಕಬ್ಬಿಣ ನೋಡಿ

ಮೇಲೆ ಹೇಳಿದ ಮದುವೆ ಮನೆ ಕೇಸ್ ಇದೇ. ಜಿಪಿಎಸ್ ಇರೋ ಡ್ರೋನ್‌ಗೆ ತಾನು ಎಲ್ಲಿದ್ದೀನಿ ಅನ್ನೋದನ್ನು ಜಿಪಿಎಸ್ ಹೇಳುತ್ತದೆ, ಮುಖ ಯಾವ ದಿಕ್ಕಿಗಿದೆ ಅನ್ನೋದನ್ನು ಒಳಗಿರುವ ದಿಕ್ಸೂಚಿ, ಅಂದ್ರೆ ಕಂಪಾಸ್ ಹೇಳುತ್ತದೆ. ಈ ಕಂಪಾಸ್ ನಂಬಿಕೊಂಡಿರೋದು ಭೂಮಿಯ ಅಯಸ್ಕಾಂತ ಶಕ್ತಿಯನ್ನು. ಅದೋ ತೀರಾ ದುರ್ಬಲ, ಫ್ರಿಜ್ ಬಾಗಿಲಿಗೆ ಅಂಟಿಸೋ ಮ್ಯಾಗ್ನೆಟ್‌ನ ನೂರರಲ್ಲಿ ಒಂದು ಪಾಲು ಇರಬಹುದು. ಆರ್‌ಸಿಸಿ ತಾರಸಿ ಒಳಗೆ ಕಬ್ಬಿಣದ ಸರಳು ಜಾಲಿ ಕಟ್ಟಿದ ಹಾಗೆ ಇರುತ್ತದೆ. ಅದರ ಮೇಲೆ ಡ್ರೋನ್ ಇಟ್ಟು ಆನ್ ಮಾಡಿದರೆ ಕಂಪಾಸ್ ಆ ಸರಳಿನ ಪ್ರಭಾವವನ್ನೂ ಸೇರಿಸಿಕೊಂಡು ಉತ್ತರ ಯಾವುದು ಅಂತ ತಪ್ಪಾಗಿ ಲೆಕ್ಕ ಹಾಕುತ್ತದೆ. ಕಾರಿನ ಬಾನೆಟ್, ಶಾಮಿಯಾನದ ಕಬ್ಬಿಣದ ಕಂಬದ ಬುಡ, ಡಿಜೆ ಬಾಕ್ಸ್ ಪಕ್ಕ ಎಲ್ಲ ಇದೇ ಕಥೆ. ಸ್ಪೀಕರ್ ಒಳಗೆ ದೊಡ್ಡ ಅಯಸ್ಕಾಂತವೇ ಕೂತಿರುತ್ತದೆ, ಅದನ್ನು ಬಹಳ ಜನ ಮರೆಯುತ್ತಾರೆ.

ಹತ್ತು ಹದಿನೈದು ಅಡಿ ಮೇಲೆ ಹೋದ ಕೂಡಲೇ ಸರಳಿನ ಪ್ರಭಾವ ಹೋಗಿ ಕಂಪಾಸ್ ಬೇರೆ ಉತ್ತರ ಹೇಳೋಕೆ ಶುರು ಮಾಡುತ್ತದೆ. ಬೋರ್ಡ್‌ಗೆ ಗೊಂದಲ. ಗಾಳಿಗೆ ಡ್ರೋನ್ ಸ್ವಲ್ಪ ಎಡಕ್ಕೆ ಸರಿಯಿತು ಅಂತ ಜಿಪಿಎಸ್ ಹೇಳಿದರೆ ಬೋರ್ಡ್ ಬಲಕ್ಕೆ ತಳ್ಳಬೇಕು. ಆದರೆ ಅದರ ‘ಬಲ’ವೇ ತಿರುಗಿಹೋಗಿದೆ. ಬಲಕ್ಕೆ ಅಂತ ಮುಂದಕ್ಕೆ ತಳ್ಳುತ್ತದೆ. ಅದನ್ನು ಸರಿ ಮಾಡೋಕೆ ಹೋಗಿ ಇನ್ನೊಂದು ಕಡೆಗೆ. ಹೀಗೆ ಸುತ್ತು ಶುರುವಾಗಿ ಪ್ರತಿ ಸಲ ದೊಡ್ಡದಾಗುತ್ತಾ ಹೋಗುತ್ತದೆ. ಕಣ್ಣು ಕಟ್ಟಿದವನಿಗೆ ದಾರಿ ಹೇಳಿದ ಹಾಗೆ.

ಇಂಥ ಹೊತ್ತಲ್ಲಿ ಗಾಬರಿಯಾಗಿ ರಿಟರ್ನ್ ಹೋಮ್ ಬಟನ್ ಒತ್ತೋರು ಜಾಸ್ತಿ. ಅದು ತಪ್ಪು. ಮನೆಗೆ ಬರೋಕೂ ಅದು ನೋಡೋದು ಅದೇ ಕೆಟ್ಟ ಕಂಪಾಸನ್ನೇ. ರಿಮೋಟ್‌ನಲ್ಲಿ ಜಿಪಿಎಸ್ ಬಿಟ್ಟು ಹಾರಿಸೋ ಆಟಿ ಮೋಡ್ ಸ್ವಿಚ್ ಇದ್ದರೆ ಮೊದಲು ಅದಕ್ಕೆ ಹಾಕಬೇಕು. ಆಗ ಡ್ರೋನ್ ತಾನಾಗಿ ಒಂದೇ ಕಡೆ ನಿಲ್ಲೋದಿಲ್ಲ, ಗಾಳಿಗೆ ತೇಲುತ್ತದೆ, ಆದರೆ ಸ್ಟಿಕ್ ಮಾತು ಕೇಳುತ್ತದೆ. ಚಿಕ್ಕ ಮಾಡೆಲ್‌ಗಳಲ್ಲಿ ಈ ಸ್ವಿಚ್ ಇರೋದಿಲ್ಲ. ಅಲ್ಲಿ ಜನ ಇಲ್ಲದ ಖಾಲಿ ಜಾಗದ ಕಡೆ ತಳ್ಳಿಕೊಂಡು ಹೋಗಿ ಇಳಿಸೋದೊಂದೇ ದಾರಿ. ಗದ್ದೆಗೆ ಬಿದ್ದರೂ ಪರವಾಗಿಲ್ಲ, ಪಂಕ್ತಿಗೆ ಬೀಳಬಾರದು.

ಇನ್ನೊಂದು ಮಾತು. ಸ್ಕ್ರೀನ್‌ನಲ್ಲಿ ಕಂಪಾಸ್ ಕ್ಯಾಲಿಬ್ರೇಟ್ ಮಾಡಿ ಅಂತ ಬಂದ ಕೂಡಲೇ ಅದೇ ತಾರಸಿ ಮೇಲೆ ನಿಂತು ಡ್ರೋನ್ ತಿರುಗಿಸೋರಿದ್ದಾರೆ. ಹಾಗೆ ಮಾಡಿದರೆ ಸರಳಿನ ತಪ್ಪನ್ನೇ ಸರಿ ಅಂತ ಅದಕ್ಕೆ ಪಾಠ ಹೇಳಿಕೊಟ್ಟ ಹಾಗೆ. ಆ ಸಂದೇಶ ಬಂದರೆ ಮೊದಲು ಜಾಗ ಬದಲಿಸಿ. ಸ್ಕೂಲ್ ಮೈದಾನ, ಕಣ, ಖಾಲಿ ಹೊಲಕ್ಕೆ ಹೋಗಿ, ಜೇಬಿನ ಫೋನು, ಬೈಕ್ ಕೀ ದೂರ ಇಟ್ಟು ಮಾಡಬೇಕು.

ಗಿರ್ರಂತ ಸುತ್ತಿ ಬಿತ್ತಾ? ಪಲ್ಟಿ ಹೊಡೀತಾ?

ದೂರ ಹೋಗದೆ ನಿಂತಲ್ಲೇ ಬುಗುರಿ ಹಾಗೆ ತಿರುಗಿ ಕೆಳಗೆ ಬಂದರೆ ಕಂಪಾಸ್ ಮೇಲೆ ತಪ್ಪು ಹೊರಿಸಬೇಡಿ. ಒಂದು ಮೋಟರೋ ಒಂದು ರೆಕ್ಕೆಯೋ ಕೈಬಿಟ್ಟಿದೆ. ನಾಲ್ಕರಲ್ಲಿ ಎರಡು ಮೋಟರ್ ಗಡಿಯಾರದ ದಿಕ್ಕಿಗೆ, ಎರಡು ಅದರ ವಿರುದ್ಧ ತಿರುಗುತ್ತವೆ. ಹಾಗೆ ತಿರುಗೋದರಿಂದಲೇ ಡ್ರೋನ್ ಮೈ ತಿರುಗದೆ ನಿಲ್ಲೋದು. ಒಂದು ನಿಂತರೆ ಉಳಿದ ಮೂರು ಸೇರಿ ಅದನ್ನು ಹಿಡಿದಿಡೋಕೆ ಆಗೋದಿಲ್ಲ.

ಪ್ರತಿ ಮೋಟರ್ ಕೈಯಲ್ಲಿ ತಿರುಗಿಸಿ ನೋಡಿ. ನಾಲ್ಕೂ ಒಂದೇ ಥರ ನುಣ್ಣಗೆ ತಿರುಗಬೇಕು. ಒಂದು ಗರಗರ ಅಂದರೆ ಒಳಗೆ ಮರಳಿದೆ ಅಥವಾ ಬೇರಿಂಗ್ ಹೋಗಿದೆ. ಮೋಟರ್ ಬುಡದಲ್ಲಿ ಕೂದಲು, ಗಾಳಿಪಟದ ದಾರ, ಹೂವಿನ ಹಾರದ ದಾರ ಸುತ್ತಿಕೊಂಡಿರೋದು ಬಹಳ ಸಾಮಾನ್ಯ. ಮದುವೆ ಮನೆಯಲ್ಲಿ ದಾರಕ್ಕೇನು ಬರ. ಚಿಮಟದಲ್ಲಿ ತೆಗೆದರೆ ಎಷ್ಟೋ ಸಲ ಅಷ್ಟಕ್ಕೇ ಸರಿ ಹೋಗುತ್ತದೆ.

ರೆಕ್ಕೆ ಬದಲಿಸಿದ ಮೇಲೆ ನೆಲ ಬಿಟ್ಟ ಕ್ಷಣಕ್ಕೇ ಪಲ್ಟಿ ಹೊಡೆದರೆ ಎಡ ಬಲ ಅದಲು ಬದಲಾಗಿದೆ. ರೆಕ್ಕೆಗಳಲ್ಲಿ ಎರಡು ಥರ ಇರುತ್ತವೆ, ನೋಡೋಕೆ ಒಂದೇ. ಗುರುತು ನೋಡಿ ಹಾಕಬೇಕು, ಮೂಲೆಗೆ ಮೂಲೆ ಒಂದೇ ಥರ ಬರಬೇಕು. ಬಿರುಕು ಬಿಟ್ಟ ರೆಕ್ಕೆಗೆ ಗಮ್ ಹಾಕಿ ಕೊಡೋ ಅಂಗಡಿಯವರು ದಯವಿಟ್ಟು ಅದನ್ನು ಬಿಡಬೇಕು. ತೂಕ ಒಂದು ಕಡೆ ಹೆಚ್ಚಾಗಿ ಅದುರುತ್ತದೆ. ಅದುರಿದರೆ ಒಳಗಿನ ಸೆನ್ಸರ್ ತಲೆ ಕೆಡುತ್ತದೆ. ಆಮೇಲೆ ಬೋರ್ಡ್ ಹೋಗಿದೆ ಅಂತ ಬಿಲ್ ಆಗೋದು.

ಕಲ್ಲು ಬಿದ್ದ ಹಾಗೆ ನೇರ ಕೆಳಗೆ ಬಂದರೆ

ಇಲ್ಲಿ ಅನುಮಾನ ಬ್ಯಾಟರಿ ಮೇಲೆ. ಲಿಥಿಯಂ ಪಾಲಿಮರ್ ಬ್ಯಾಟರಿಯ ಒಂದು ಸೆಲ್ ಫುಲ್ ಚಾರ್ಜ್‌ನಲ್ಲಿ 4.2 ವೋಲ್ಟ್ ಇರುತ್ತದೆ. ಹಾರುವಾಗ 3.5ರ ಹತ್ತಿರ ಬಂದರೆ ಇಳಿಸೋ ಹೊತ್ತಾಯಿತು ಅಂತ ತಿಳಿಯಬೇಕು. 3ಕ್ಕಿಂತ ಕೆಳಗೆ ಹೋದರೆ ಸೆಲ್ ಹಾಳು. ಹಳೇ ಬ್ಯಾಟರಿ ಟೇಬಲ್ ಮೇಲೆ ಒಳ್ಳೇ ವೋಲ್ಟ್ ತೋರಿಸಿ ಮೋಸ ಮಾಡುತ್ತದೆ. ಗಾಳಿಗೆ ಎದುರಾಗಿ ಜೋರು ಕೊಟ್ಟಾಗ ವೋಲ್ಟ್ ಒಮ್ಮೆಲೇ ಕುಸಿಯುತ್ತದೆ. ‘30 ಪರ್ಸೆಂಟ್ ಇತ್ತಣ್ಣ, ಸಡನ್ನಾಗಿ ಬಿತ್ತು’ ಅನ್ನೋದು ಇದನ್ನೇ.

ಊದಿಕೊಂಡ ಬ್ಯಾಟರಿಯನ್ನು ಒತ್ತಿ ಒತ್ತಿ ಕೂರಿಸೋದು ಇನ್ನೂ ಅಪಾಯ. ಲಾಕ್ ಸರಿಯಾಗಿ ಬೀಳೋದಿಲ್ಲ, ಅದುರಾಟಕ್ಕೆ ಗಾಳಿಯಲ್ಲೇ ಸಡಿಲವಾಗುತ್ತದೆ. ಊದಿದ್ದನ್ನು ಚುಚ್ಚಬೇಡಿ, ಬೆಂಕಿ ಹೊತ್ತಿಕೊಳ್ಳುತ್ತದೆ. ತಿಂಗಳುಗಟ್ಟಲೆ ಹಾರಿಸೋದಿಲ್ಲ ಅಂದರೆ ಫುಲ್ ಚಾರ್ಜ್ ಮಾಡಿ ಇಡೋದು ಬೇಡ, ಅರ್ಧಕ್ಕೆ ಇಡಿ.

ಬ್ಯಾಟರಿ ಹೊಸದು, ಆದರೂ ಮೇಲಿಂದ ನೇರ ಇಳಿಸುವಾಗ ಓಲಾಡಿ ಧೊಪ್ಪಂತ ಬಿತ್ತು ಅಂದರೆ ಅದು ಇಳಿಸಿದವರ ತಪ್ಪು. ಡ್ರೋನ್ ತಾನೇ ಕೆಳಗೆ ತಳ್ಳಿದ ಗಾಳಿಯೊಳಗೆ ತಾನೇ ಇಳಿಯುತ್ತಾ ಹೋದರೆ ರೆಕ್ಕೆಗೆ ಹಿಡಿತ ಸಿಗೋದಿಲ್ಲ. ಆಗ ಮೇಲಕ್ಕೆ ಕೊಟ್ಟಷ್ಟೂ ಕುಸಿಯುತ್ತದೆ. ಪಕ್ಕಕ್ಕೋ ಮುಂದಕ್ಕೋ ತಳ್ಳಿದರೆ ಹೊಸ ಗಾಳಿ ಸಿಕ್ಕಿ ನಿಲ್ಲುತ್ತದೆ. ನಿಧಾನಕ್ಕೆ, ಸ್ವಲ್ಪ ಓರೆಯಾಗಿ ಇಳಿಸೋ ಅಭ್ಯಾಸ ಇದ್ದರೆ ಈ ತೊಂದರೆಯೇ ಇಲ್ಲ.

ನಿಜವಾಗಿ ಸಿಗ್ನಲ್ ಹೋದಾಗ

ಸಿಗ್ನಲ್ ಹೋದ ಜಿಪಿಎಸ್ ಡ್ರೋನ್ ಸಾಮಾನ್ಯವಾಗಿ ಹುಚ್ಚಾಟ ಆಡೋದಿಲ್ಲ. ನಿಲ್ಲುತ್ತದೆ, ಸೆಟ್ ಮಾಡಿದ ಎತ್ತರಕ್ಕೆ ಏರುತ್ತದೆ, ಹೊರಟ ಜಾಗಕ್ಕೆ ವಾಪಸ್ ಬರುತ್ತದೆ. ತೊಂದರೆ ಇರೋದು ಆ ಎತ್ತರದಲ್ಲಿ. ತಿಪಟೂರು, ತುರುವೇಕೆರೆ ಕಡೆ ತೋಟದಲ್ಲಿ ಹಾರಿಸೋರು ಒಮ್ಮೆ ಯೋಚಿಸಿ. ವಯಸ್ಸಾದ ತೆಂಗಿನ ಮರ 20 ಮೀಟರ್ ದಾಟಿರುತ್ತದೆ. ವಾಪಸ್ ಬರೋ ಎತ್ತರ ಅದಕ್ಕಿಂತ ಕಡಿಮೆ ಇದ್ದರೆ ಡ್ರೋನ್ ಪ್ರಾಮಾಣಿಕವಾಗಿ ಮನೆಗೆ ಬರುತ್ತಾ ಗರಿಗೆ ಸಿಕ್ಕಿಕೊಳ್ಳುತ್ತದೆ. ಎರಡನೇದು ಹೋಮ್ ಪಾಯಿಂಟ್. ಜಿಪಿಎಸ್ ಸರಿಯಾಗಿ ಸಿಗೋ ಮೊದಲೇ ಅವಸರಕ್ಕೆ ಎಬ್ಬಿಸಿದರೆ ‘ಮನೆ’ ಎಲ್ಲಿ ಅಂತಲೇ ಅದಕ್ಕೆ ಗೊತ್ತಿರೋದಿಲ್ಲ, ಅಥವಾ ಕೆರೆ ಮೇಲೆ ಇದ್ದಾಗ ಸಿಕ್ಕ ಜಾಗವನ್ನೇ ಮನೆ ಅಂದುಕೊಂಡಿರುತ್ತದೆ.

ರಿಮೋಟ್ ಆಂಟೆನಾದ ತುದಿಯನ್ನು ಬಂದೂಕಿನ ಹಾಗೆ ಡ್ರೋನ್ ಕಡೆ ಗುರಿ ಇಡಬೇಡಿ. ತುದಿಯಿಂದ ಸಿಗ್ನಲ್ ಕಡಿಮೆ ಹೊರಡುತ್ತದೆ, ಅಗಲ ಮೈ ಡ್ರೋನ್ ಕಡೆ ಇರಬೇಕು.

ಜಾತ್ರೆಯಲ್ಲಿ, ಆನ್‌ಲೈನ್‌ನಲ್ಲಿ ಸಿಗೋ ಒಂದೆರಡು ಸಾವಿರದ ಆಟಿಕೆ ಡ್ರೋನ್‌ಗೆ ಈ ಬುದ್ಧಿ ಯಾವುದೂ ಇಲ್ಲ. ಜಿಪಿಎಸ್ ಇಲ್ಲ, ಸ್ಟಿಕ್ ಬಿಟ್ಟರೆ ಗಾಳಿ ಎಳೆದ ಕಡೆ ಹೋಗುತ್ತದೆ. ಮಕ್ಕಳಿಗೆ ಕೊಡೋ ಅಪ್ಪಂದಿರು ಗಾಳಿ ಇಲ್ಲದ ಬೆಳಗಿನ ಹೊತ್ತು ಕೊಟ್ಟರೆ ವಾರ ಬಾಳುತ್ತದೆ. ಮುಖ ನಮ್ಮ ಕಡೆ ತಿರುಗಿದಾಗ ಎಡ ಬಲ ಉಲ್ಟಾ ಆಗೋದೂ ‘ಕಂಟ್ರೋಲ್ ಹೋಯ್ತು’ ಅನ್ನೋದಕ್ಕೆ ದೊಡ್ಡ ಕಾರಣ, ಯಾರೂ ಒಪ್ಪಿಕೊಳ್ಳೋದಿಲ್ಲ ಅಷ್ಟೇ.

ಕಾಲೇಜು ಹುಡುಗರು ಪಾರ್ಟ್ಸ್ ತರಿಸಿ ತಾವೇ ಕಟ್ಟೋ ಡ್ರೋನ್‌ನದು ಬೇರೆ ಲೆಕ್ಕ. ಸಿಗ್ನಲ್ ಹೋದಾಗ ಏನು ಮಾಡಬೇಕು ಅಂತ ಅದಕ್ಕೆ ನಾವೇ ಹೇಳಿರಬೇಕು. ಹೇಳದಿದ್ದರೆ ಕೆಲವು ರಿಸೀವರ್ ಕೊನೆಗೆ ಬಂದ ಆಜ್ಞೆಯನ್ನೇ ಹಿಡಿದುಕೊಂಡು ಕೂರುತ್ತವೆ. ಕೊನೆಗೆ ಬಂದಿದ್ದು ‘ಮೇಲೆ ಹೋಗು’ ಆಗಿದ್ದರೆ ಕಣ್ಣಿಗೆ ಕಾಣದ ಹಾಗೆ ಹೋಗುತ್ತದೆ. ನಾಲ್ಕೂ ರೆಕ್ಕೆ ಬಿಚ್ಚಿ, ಮೋಟರ್ ಓಡಿಸಿ, ರಿಮೋಟ್ ಆಫ್ ಮಾಡಿ ನೋಡಿ. ಸೆಟ್ ಮಾಡಿದ ಹಾಗೆ ಮೋಟರ್ ನಿಲ್ಲದಿದ್ದರೆ ಆ ಡ್ರೋನ್ ಇನ್ನೂ ಹಾರೋಕೆ ರೆಡಿ ಇಲ್ಲ.

ಅಂಗಡಿಗೆ ತರುವ ಮುನ್ನ

ಬಿದ್ದ ಡ್ರೋನ್ ಎತ್ತಿಕೊಂಡ ತಕ್ಷಣ ಆನ್ ಮಾಡಿ ‘ಹಾರುತ್ತಾ ನೋಡೋಣ’ ಅನ್ನಬೇಡಿ. ಮೊದಲು ಬ್ಯಾಟರಿ ತೆಗೆದು ಬಯಲಲ್ಲಿ ಸ್ವಲ್ಪ ಹೊತ್ತು ಇಡಿ, ಪೆಟ್ಟು ಬಿದ್ದ ಸೆಲ್ ತಡವಾಗಿ ಬಿಸಿಯಾಗಬಹುದು. ಫೋನ್‌ನಲ್ಲಿರೋ ಡ್ರೋನ್ ಆ್ಯಪ್ ಡಿಲೀಟ್ ಮಾಡಬೇಡಿ. ಡಿಜೆಐನಂಥ ಡ್ರೋನ್‌ಗಳಲ್ಲಿ ಹಾರಾಟದ ಪೂರ್ತಿ ದಾಖಲೆ ಅದರಲ್ಲೇ ಇರುತ್ತದೆ: ಎಷ್ಟು ಉಪಗ್ರಹ ಸಿಕ್ಕಿತ್ತು, ವೋಲ್ಟ್ ಯಾವಾಗ ಕುಸಿಯಿತು, ಕಂಪಾಸ್ ಎಚ್ಚರಿಕೆ ಯಾವ ಸೆಕೆಂಡಿಗೆ ಬಂತು. ಅಂಗಡಿಯವರು ಸ್ಕ್ರೂ ಬಿಚ್ಚೋ ಮೊದಲು ಇದನ್ನು ತೆರೆದು ನೋಡಿದರೆ ಗಿರಾಕಿಗೆ ದುಡ್ಡು ಉಳಿಯುತ್ತದೆ, ಅಂಗಡಿಗೆ ಹೆಸರು ಬರುತ್ತದೆ.

ಜನರ ಮೇಲೆ ಬಿದ್ದರೆ ವಿಷಯ ಪೊಲೀಸ್ ಠಾಣೆಗೆ ಹೋಗುತ್ತದೆ ಅನ್ನೋದೂ ನೆನಪಿರಲಿ. 2021ರ ಡ್ರೋನ್ ನಿಯಮದ ಪ್ರಕಾರ 250 ಗ್ರಾಂ ದಾಟಿದ ಡ್ರೋನ್‌ನಲ್ಲಿ ದುಡ್ಡು ತಗೊಂಡು ಮದುವೆ ಶೂಟ್ ಮಾಡೋರಿಗೆ ಪೈಲಟ್ ಸರ್ಟಿಫಿಕೇಟ್ ಬೇಕು, ಥರ್ಡ್ ಪಾರ್ಟಿ ವಿಮೆ ಬೇಕು. ನಿಯಮ ಮುರಿದರೆ 1 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಎಲ್ಲಿ ಹಾರಿಸಬಹುದು ಅನ್ನೋದು ಡಿಜಿಟಲ್ ಸ್ಕೈ ಮ್ಯಾಪ್‌ನಲ್ಲಿದೆ. ಗುಬ್ಬಿ ತಾಲೂಕಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇರೋ ಜಿಲ್ಲೆ ಇದು, ಆ ಮ್ಯಾಪ್ ನೋಡದೆ ಎಬ್ಬಿಸಬೇಡಿ.

ರಿಪೇರಿ ಆಗಿ ಬಂದ ಡ್ರೋನನ್ನು ನೇರ ಮದುವೆ ಮನೆಗೆ ಒಯ್ಯಬಾರದು. ಬಯಲಿನಲ್ಲಿ ಮರದ ಹಲಗೆಯೋ ಚಾಪೆಯೋ ಹಾಸಿ, ಅದರ ಮೇಲಿಂದ ಎಬ್ಬಿಸಿ, ಆಳೆತ್ತರದಲ್ಲಿ ಒಂದೆರಡು ನಿಮಿಷ ಸ್ಟಿಕ್ ಮುಟ್ಟದೆ ಬಿಡಿ. ಇದ್ದಲ್ಲೇ ನಿಂತರೆ ಸರಿ. ಮೆಲ್ಲಗೆ ಸುತ್ತು ಹಾಕೋಕೆ ಶುರು ಮಾಡಿದರೆ ಅಲ್ಲೇ ಇಳಿಸಿ ಅಂಗಡಿಗೆ ವಾಪಸ್ ಕೊಡಿ.