ಸಮಾಜದ ಪಾಠ ಬರಿಯ ಬಾಯಿಪಾಠವೇ?

ಮಕ್ಕಳು ಹತ್ತನೆಯ ತರಗತಿಯ ಅಂಕಪಟ್ಟಿ ತಂದಾಗ ನಮ್ಮ ಹಿರಿಯರ ಕಣ್ಣು ಮೊದಲು ಹೋಗುವುದು ಗಣಿತದ ಮೇಲೆ, ಆಮೇಲೆ ವಿಜ್ಞಾನದ ಮೇಲೆ. "ಸಮಾಜದಲ್ಲಿ ಎಷ್ಟು?" ಎಂದು ಕೇಳುವವರು ಕಡಿಮೆ. ಇತಿಹಾಸ, ಭೂಗೋಳ, ಪೌರನೀತಿಗಳನ್ನು ಪರೀಕ್ಷೆಯ ಹಿಂದಿನ ವಾರ ಬಾಯಿಪಾಠ ಮಾಡಿದರೆ ಸಾಕು, ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರಿಗೆ ಅದರಿಂದ ಏನಾಗಬೇಕಾಗಿದೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ಭಾವನೆ ಎಷ್ಟು ಸರಿ? ನೀಲಗಿರಿ ಜಿಲ್ಲೆಯ ಪಂದಲೂರನ್ನು ಉದಾಹರಣೆಯಾಗಿಟ್ಟುಕೊಂಡು ನೋಡೋಣ.

ಪಂದಲೂರು ತಮಿಳುನಾಡಿನ ಅಂಚಿನ ತಾಲ್ಲೂಕು. ಪಕ್ಕದಲ್ಲೇ ಕೇರಳದ ವಯನಾಡು. ಗೂಡಲೂರು, ಮುದುಮಲೆ ಕಾಡು ದಾಟಿದರೆ ನಮ್ಮ ಗುಂಡ್ಲುಪೇಟೆ. ಸುಲ್ತಾನ್ ಬತ್ತೇರಿಯ ಪ್ರಾಚೀನ ಬಸದಿ, ಕಲ್ಪೆಟ್ಟಾ ಬಳಿಯ ಪುಳಿಯಾರ್‌ಮಲೆಯ ಅನಂತನಾಥಸ್ವಾಮಿ ಬಸದಿ ಇಲ್ಲಿಗೆ ಬಹಳ ದೂರವಲ್ಲ. ಇಲ್ಲಿ ರಾಜ್ಯ ಪಠ್ಯಕ್ರಮದಲ್ಲಿ ಓದುವ ಮಕ್ಕಳಿಗೆ ಹತ್ತನೆಯ ತರಗತಿಯಲ್ಲಿ 500 ಅಂಕಗಳು. ಅದರಲ್ಲಿ ತಮಿಳು, ಇಂಗ್ಲಿಷ್, ಸಮಾಜ ವಿಜ್ಞಾನಗಳದೇ 300.

ಮೊದಲು ಭಾಷೆಯ ಪಾಠ. ತಮಿಳುನಾಡಿನಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲಿ "ಮಕ್ಕಳಿಗೆ ತಮಿಳು ಭಾರ" ಎಂಬ ಮಾತು ಕೇಳಿಬರುತ್ತದೆ. ಆದರೆ ಶಾಲೆಯ ತಮಿಳು ವ್ಯಾಕರಣಕ್ಕೆ ಆಧಾರವಾದ 'ನನ್ನೂಲ್' ಗ್ರಂಥವನ್ನು 13ನೆಯ ಶತಮಾನದಲ್ಲಿ ರಚಿಸಿದ ಭವಣಂದಿ ಮುನಿಗಳು ಜೈನರು. ಆಶ್ರಯ ಕೊಟ್ಟ ಅರಸ ಗಂಗವಂಶದ ಸೀಯಗಂಗ. ಅದೇ ಶತಮಾನದಲ್ಲಿ ಕನ್ನಡಕ್ಕೆ 'ಶಬ್ದಮಣಿದರ್ಪಣ' ಕೊಟ್ಟ ಕೇಶಿರಾಜನೂ ಜೈನ. 'ಜೀವಕ ಚಿಂತಾಮಣಿ' ಬರೆದ ತಿರುತ್ತಕ್ಕದೇವರೂ ನಮ್ಮವರೇ. ಇದನ್ನು ಮಗುವಿಗೆ ಒಮ್ಮೆ ಹೇಳಿ ನೋಡಿ. ಪರರ ಭಾಷೆ ಎಂದುಕೊಂಡದ್ದು ಮನೆಯ ಆಸ್ತಿಯಾಗುತ್ತದೆ.

ಇನ್ನು ಇತಿಹಾಸ. ವಯನಾಡಿನ ಭಾಗವಾಗಿದ್ದ ಈ ಸೀಮೆ 1877ರಲ್ಲಿ ಮಲಬಾರಿನಿಂದ ನೀಲಗಿರಿ ಜಿಲ್ಲೆಗೆ ಸೇರಿತು. ಎರಡೇ ವರ್ಷದಲ್ಲಿ, 1879ರ ಸುಮಾರಿಗೆ, ಪಂದಲೂರು–ದೇವಾಲದ ಬೆಟ್ಟಗಳಲ್ಲಿ ಚಿನ್ನವಿದೆ ಎಂಬ ಸುದ್ದಿ ಲಂಡನ್ನಿನವರೆಗೂ ಹಬ್ಬಿತು. ಹತ್ತಾರು ಕಂಪನಿಗಳು ಹುಟ್ಟಿದವು. ಜನ ಮುಗಿಬಿದ್ದು ಷೇರು ಕೊಂಡರು. ಚಿನ್ನವೇನೋ ಇತ್ತು, ಆದರೆ ತೆಗೆಯುವ ಖರ್ಚಿಗೆ ಸಾಲುವಷ್ಟು ಇರಲಿಲ್ಲ. 1882ರ ಹೊತ್ತಿಗೆ ಎಲ್ಲ ಕುಸಿಯಿತು. ಷೇರುಪೇಟೆಯಲ್ಲಿ ಹಣ ಹೂಡುವ ನಮ್ಮ ಯುವಕರಿಗೆ ಇದಕ್ಕಿಂತ ಒಳ್ಳೆಯ ಪಾಠ ಯಾವುದು? ಲೋಭದ ಬಗ್ಗೆ ಪ್ರವಚನದಲ್ಲಿ ಕೇಳಿದ್ದಕ್ಕೆ ಇಲ್ಲಿ ಇಸವಿ ಸಹಿತ ಸಾಕ್ಷಿಯಿದೆ.

ವಿದೇಶಾಂಗ ನೀತಿಯ ಪಾಠ ದೆಹಲಿಯದು ಎಂದುಕೊಳ್ಳಬೇಕಾಗಿಲ್ಲ. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ಮೇರೆಗೆ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳಿಗೆ ಸರ್ಕಾರಿ ಚಹಾ ತೋಟಗಳಲ್ಲಿ ಬದುಕು ಕಟ್ಟಿಕೊಟ್ಟ ಪ್ರದೇಶವಿದು. ಅಂಗಡಿಗೆ ಬರುವ ಗಿರಾಕಿಯ ಅಜ್ಜ ಯಾವ ಕಷ್ಟ ದಾಟಿ ಬಂದವನೆಂದು ತಿಳಿದ ವ್ಯಾಪಾರಿಯ ಮಗ ಆ ಗಿರಾಕಿಯನ್ನು ಹಗುರವಾಗಿ ಮಾತನಾಡಿಸಲಾರ.

ಪೌರನೀತಿಯಲ್ಲಿ ಸಂವಿಧಾನದ ಪಾಠವಿದೆ. ಗೂಡಲೂರು–ಪಂದಲೂರು ಸೀಮೆಯ ಜನ್ಮಂ ಜಮೀನುಗಳ ಕುರಿತು ತಮಿಳುನಾಡು 1969ರಲ್ಲಿ ಮಾಡಿದ ಕಾಯ್ದೆಯಿಂದ ಹುಟ್ಟಿದ ಕೊಯೆಲ್ಹೊ ಪ್ರಕರಣದಲ್ಲಿ, 2007ರ ಜನವರಿ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಮಹತ್ವದ ತೀರ್ಪು ಕೊಟ್ಟಿತು. ಒಂಬತ್ತನೆಯ ಅನುಸೂಚಿಗೆ 1973ರ ಏಪ್ರಿಲ್ 24ರ ನಂತರ ಸೇರಿಸಿದ ಕಾಯ್ದೆಗಳೂ ಸಂವಿಧಾನದ ಮೂಲಸ್ವರೂಪಕ್ಕೆ ಧಕ್ಕೆ ತಂದರೆ ಉಳಿಯಲಾರವು ಎಂಬುದು ಅದರ ಸಾರ. ಇದೇ ಸೀಮೆಯ ಕಾಡಿನ ಮರ ಕಡಿಯುವುದರ ವಿರುದ್ಧ 1995ರಲ್ಲಿ ಹೂಡಿದ ಗೋದಾವರ್ಮನ್ ಪ್ರಕರಣದಲ್ಲಿ 1996ರ ಡಿಸೆಂಬರ್ 12ರಂದು ಬಂದ ಆದೇಶ ದೇಶದ ಮರದ ವ್ಯಾಪಾರವನ್ನೇ ಬದಲಿಸಿತು. ಸಾಮಿಲ್ಲು, ಟಿಂಬರ್ ಡಿಪೋ ನಡೆಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅರ್ಥಶಾಸ್ತ್ರದ ಭಾಗ ನಮಗೆ ಇನ್ನೂ ಹತ್ತಿರ. ತಮಿಳುನಾಡಿನಲ್ಲಿ 2019ರಲ್ಲಿ ಬಂದ ಹತ್ತನೆಯ ತರಗತಿಯ ಪುಸ್ತಕದಲ್ಲಿ ಸರ್ಕಾರ ಮತ್ತು ತೆರಿಗೆಗಳ ಬಗ್ಗೆ ಒಂದು ಅಧ್ಯಾಯವೇ ಇದೆ. 2017ರಿಂದ ಜಾರಿಯಲ್ಲಿರುವ ಜಿ.ಎಸ್.ಟಿ. ಎಂದರೇನು, ಕಪ್ಪುಹಣ ಹೇಗೆ ಹುಟ್ಟುತ್ತದೆ, ತೆರಿಗೆ ತಪ್ಪಿಸಿದರೆ ಯಾರಿಗೆ ನಷ್ಟ ಎಂದು ಮಗು ಶಾಲೆಯಲ್ಲಿ ಓದುತ್ತದೆ. ಸಂಜೆ ಅಂಗಡಿಗೆ ಬಂದಾಗ "ಬಿಲ್ಲು ಬೇಕೋ, ಬೇಡವೋ?" ಎಂದು ಗಿರಾಕಿಯನ್ನು ಕೇಳುವ ಅಪ್ಪನ ಮಾತೂ ಅದರ ಕಿವಿಗೆ ಬಿದ್ದರೆ ಯಾವ ಪಾಠ ನಿಲ್ಲುತ್ತದೆ? ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ತೂಕ–ಅಳತೆಯ ಮೋಸ, ಕಲಬೆರಕೆಗಳ ಜೊತೆಗೇ ವಿರುದ್ಧರಾಜ್ಯಾತಿಕ್ರಮವೂ ಇದೆ. ಅಂದರೆ ರಾಜ್ಯದ ಕಟ್ಟಳೆ ಮೀರಿ ವ್ಯವಹಾರ ಮಾಡುವುದು. ಶಾಲೆಯ ಪುಸ್ತಕವೂ ಶ್ರಾವಕಾಚಾರವೂ ಇಲ್ಲಿ ಒಂದೇ ಮಾತು ಹೇಳುತ್ತಿವೆ. ಮೂರನೆಯ ಸಾಕ್ಷಿಯಾಗಿ ನಿಲ್ಲಬೇಕಾದದ್ದು ನಮ್ಮ ಅಂಗಡಿ.

ಪ್ರಶ್ನೋತ್ತರ ಬರೆಸಿ ಉರು ಹೊಡೆಸಿದರೆ ಈ ವಿಷಯಗಳು ಸಪ್ಪೆಯಾಗುವುದು ನಿಜ. ಆ ಕೊರತೆಯನ್ನು ಮನೆ ತುಂಬಬಹುದು. ತೆರಿಗೆಯ ಪಾಠದ ದಿನ ಬಿಲ್ ಪುಸ್ತಕ ತೆಗೆದು ತೋರಿಸಿ. ತೀರ್ಥಯಾತ್ರೆಗೆ ಹೋದಾಗ ಬಸದಿಯ ಶಾಸನದ ಮುಂದೆ ಐದು ನಿಮಿಷ ನಿಲ್ಲಿಸಿ. ಯಾವುದೇ ಜಗಳದ ಚರಿತ್ರೆ ಬಂದರೆ ಎರಡೂ ಕಡೆಯವರು ಏನೆನ್ನುತ್ತಿದ್ದರು ಎಂದು ಕೇಳಿ. ಅನೇಕಾಂತಕ್ಕೆ ಇದಕ್ಕಿಂತ ಸುಲಭವಾದ ಅಭ್ಯಾಸವಿಲ್ಲ. ಮಗಳು ಹನ್ನೊಂದನೆಯ ತರಗತಿಗೆ ಇತಿಹಾಸ, ಅರ್ಥಶಾಸ್ತ್ರಗಳ ಗುಂಪು ಬೇಕೆಂದರೆ "ಅಂಕ ಸಾಲಲಿಲ್ಲವೇ?" ಎನ್ನಬೇಡಿ. ವಕೀಲರು, ಅಧಿಕಾರಿಗಳು, ಶಾಸನ ಓದಬಲ್ಲ ವಿದ್ವಾಂಸರು ಆ ದಾರಿಯಿಂದಲೂ ಬರುತ್ತಾರೆ. ಅಂಥವರ ಅಗತ್ಯ ನಮ್ಮ ಸಮಾಜಕ್ಕೆ ಬಹಳವಿದೆ.

ಲೆಕ್ಕ ಬಲ್ಲ ಮಕ್ಕಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಯಾರೊಡನೆ, ಯಾವ ನೆಲದಲ್ಲಿ, ಯಾವ ನ್ಯಾಯಕ್ಕೆ ಒಳಪಟ್ಟು ವ್ಯಾಪಾರ ಮಾಡುತ್ತಿದ್ದೇವೆ ಎಂಬುದನ್ನು ಬಲ್ಲವರೂ ಅವರಾಗಲಿ. ಸ್ವಾಧ್ಯಾಯವೆಂದರೆ ಇದೂ ಹೌದು.