ಸ್ನಾಯು ಕ್ಷಯದ ಔಷಧಿ: ಹದಿನಾರು ಕೋಟಿ ರೂಪಾಯಿಯ ಹಿಂದಿನ ಲೆಕ್ಕ

ಹಸುಗೂಸೊಂದರ ಚಿಕಿತ್ಸೆಗೆ ಹದಿನಾರು ಕೋಟಿ ರೂಪಾಯಿ ಬೆಲೆಯ ಒಂದೇ ಒಂದು ಚುಚ್ಚುಮದ್ದು ಬೇಕಾಗಿದೆ, ಉದಾರವಾಗಿ ನೆರವಾಗಿರಿ ಎಂಬ ಮನವಿಯನ್ನು ನಮ್ಮ ವರ್ತಕ ಬಂಧುಗಳಲ್ಲಿ ಅನೇಕರು ಕಂಡಿರುತ್ತಾರೆ. ಅಂತಹ ಮನವಿಯೊಂದನ್ನು ಹಿಡಿದು ನಮ್ಮ ಕಚೇರಿಗೆ ಬಂದ ಸಣ್ಣ ಕೈಗಾರಿಕೋದ್ಯಮಿಯೊಬ್ಬರು ಎರಡು ಪ್ರಶ್ನೆ ಕೇಳಿದರು. ಒಂದು, ಈ ದೇಣಿಗೆಗೆ ತೆರಿಗೆ ವಿನಾಯಿತಿ ಉಂಟೇ? ಎರಡು, ಔಷಧಿಯೊಂದಕ್ಕೆ ಇಷ್ಟು ಬೆಲೆ ಹೇಗೆ ಬಂತು? ಮೊದಲನೆಯದಕ್ಕೆ ಅಂದೇ ಉತ್ತರಿಸಿದೆ. ಎರಡನೆಯದಕ್ಕೆ ಕಂಡುಕೊಂಡ ಉತ್ತರವನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ರೋಗದ ಸ್ವರೂಪ

ಸ್ನಾಯುಗಳು ಕ್ರಮೇಣ ಸೊರಗಿ ಹೋಗುವ ಕಾಯಿಲೆಗಳು ಹಲವು. ಮೇಲಿನ ಮನವಿಗಳು ಬಹುಮಟ್ಟಿಗೆ ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ, ಸಂಕ್ಷೇಪವಾಗಿ ಎಸ್‌ಎಂಎ ಎಂಬ ಆನುವಂಶಿಕ ರೋಗಕ್ಕೆ ಸಂಬಂಧಿಸಿದವು. ಇಲ್ಲಿ ದೋಷವಿರುವುದು ಸ್ನಾಯುವಿನಲ್ಲಲ್ಲ. ಸ್ನಾಯುವಿಗೆ ಆಜ್ಞೆ ಕಳುಹಿಸುವ ಬೆನ್ನುಹುರಿಯ ನರಕೋಶಗಳು ಅಗತ್ಯವಾದ ಒಂದು ಪ್ರೋಟೀನಿನ ಕೊರತೆಯಿಂದ ಸಾಯುತ್ತವೆ. ಆಜ್ಞೆ ಬಾರದ ಸ್ನಾಯು ಬಡವಾಗುತ್ತದೆ. ಆ ಪ್ರೋಟೀನಿಗೆ ಕಾರಣವಾದ ಎಸ್‌ಎಂಎನ್-1 ಎಂಬ ಜೀನನ್ನು 1995ರಲ್ಲಿ ಫ್ರಾನ್ಸಿನ ಜುಡಿತ್ ಮೆಲ್ಕಿಯವರ ತಂಡವು ಗುರುತಿಸಿತು. ಎಸ್‌ಎಂಎನ್-2 ಎಂಬ ಹೆಚ್ಚುವರಿ ಜೀನ್ ನಮ್ಮಲ್ಲಿದ್ದರೂ ಅದರ ಉತ್ಪಾದನೆ ಅಲ್ಪ. ಈ ಎರಡನೆಯ ಜೀನಿನ ಉತ್ಪಾದನೆಯನ್ನು ಹೆಚ್ಚಿಸುವುದು ಒಂದು ಮಾರ್ಗ. ಮೊದಲನೆಯ ಜೀನಿನ ಸರಿಯಾದ ಪ್ರತಿಯನ್ನೇ ದೇಹಕ್ಕೆ ಒದಗಿಸುವುದು ಇನ್ನೊಂದು ಮಾರ್ಗ.

ಪ್ರಯೋಗದ ಲೆಕ್ಕಪತ್ರ

ಮೊದಲ ಮಾರ್ಗದಲ್ಲಿ ಅಮೆರಿಕದ ಏಡ್ರಿಯನ್ ಕ್ರೈನರ್ ಮತ್ತು ಸಹೋದ್ಯೋಗಿಗಳ ಸಂಶೋಧನೆಯಿಂದ ನುಸಿನರ್ಸೆನ್ ಎಂಬ ಔಷಧಿ ಹುಟ್ಟಿತು. ಇದರ ಅಂತಿಮ ಹಂತದ ಒಂದು ಪ್ರಯೋಗಕ್ಕೆ ಸುಮಾರು 120 ಶಿಶುಗಳನ್ನು ಆಯ್ದು, ಮೂರರಲ್ಲಿ ಎರಡು ಪಾಲಿಗೆ ಬೆನ್ನುಹುರಿಯ ದ್ರವದೊಳಗೆ ಔಷಧಿ ನೀಡಲಾಯಿತು. ಉಳಿದವರ ಬೆನ್ನಿಗೆ ಸೂಜಿ ತಾಕಿಸಿ ಪಟ್ಟಿ ಹಚ್ಚಲಾಯಿತೇ ಹೊರತು ಔಷಧಿ ಕೊಡಲಿಲ್ಲ. ಯಾವ ಮಗುವಿಗೆ ಏನು ದೊರೆಯಿತೆಂಬುದು ಹೆತ್ತವರಿಗೆ ತಿಳಿದಿರಲಿಲ್ಲ. ಇದು ಕಠೋರವೆನಿಸಬಹುದು. ಆದರೆ ಹೋಲಿಕೆಯ ಗುಂಪು ಇಲ್ಲದ ಪ್ರಯೋಗವೆಂದರೆ ಆರಂಭಿಕ ದಾಸ್ತಾನು ನಮೂದಿಸದ ವ್ಯಾಪಾರಿ ಖಾತೆಯಂತೆ. ಅದರಿಂದ ಲಾಭ ನಷ್ಟ ನಿರ್ಣಯವಾಗದು.

ಔಷಧಿ ಪಡೆದ ಶಿಶುಗಳಲ್ಲಿ ಶೇಕಡಾ 51ರಷ್ಟು ತಲೆ ನಿಲ್ಲಿಸುವುದು, ಹೊರಳುವುದು, ಕುಳಿತುಕೊಳ್ಳುವುದು ಮುಂತಾದ ಬೆಳವಣಿಗೆಯ ಹಂತಗಳಲ್ಲಿ ಪ್ರಗತಿ ತೋರಿದವು. ಪಡೆಯದ ಗುಂಪಿನಲ್ಲಿ ಒಂದು ಮಗುವೂ ತೋರಲಿಲ್ಲ. ಮರಣ ಪ್ರಮಾಣ ಕ್ರಮವಾಗಿ ಶೇಕಡಾ 16 ಮತ್ತು 39. ಮಧ್ಯಂತರ ಪರಿಶೀಲನೆಯಲ್ಲಿಯೇ ವ್ಯತ್ಯಾಸ ಸ್ಪಷ್ಟವಾದುದರಿಂದ ಪ್ರಯೋಗವನ್ನು ಅವಧಿಗೆ ಮುನ್ನ ಮುಗಿಸಿ, ಉಳಿದ ಶಿಶುಗಳಿಗೂ ಔಷಧಿ ಪಡೆಯುವ ಅವಕಾಶ ಕಲ್ಪಿಸಲಾಯಿತು. 2016ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಅನುಮೋದನೆ ದೊರೆಯಿತು.

ಎರಡನೆಯ ಮಾರ್ಗದ ಫಲವೇ ಜೋಲ್ಜೆನ್ಸ್ಮಾ, ಅಂದರೆ ನಮ್ಮ ಮನವಿಗಳಲ್ಲಿನ ಚುಚ್ಚುಮದ್ದು. ನಿರಪಾಯಕಾರಿ ವೈರಾಣುವಿನ ಮೂಲಕ ಸರಿಯಾದ ಜೀನನ್ನು ಒಮ್ಮೆ ಮಾತ್ರ ರಕ್ತಕ್ಕೆ ಸೇರಿಸಲಾಗುತ್ತದೆ. ಮೊದಲ ಪ್ರಯೋಗದಲ್ಲಿ ಇದ್ದದ್ದು ಕೇವಲ 15 ಶಿಶುಗಳು. ಇಪ್ಪತ್ತು ತಿಂಗಳ ವಯಸ್ಸಿನಲ್ಲಿ ಎಲ್ಲವೂ ಶಾಶ್ವತ ಉಸಿರಾಟ ಯಂತ್ರದ ಅವಲಂಬನೆಯಿಲ್ಲದೆ ಬದುಕಿದ್ದವು. ಚಿಕಿತ್ಸೆಯಿಲ್ಲದ ಹಿಂದಿನ ದಾಖಲೆಗಳಲ್ಲಿ ಈ ಪ್ರಮಾಣ ಶೇಕಡಾ 8 ಮಾತ್ರ. ರೋಗದ ಸಹಜ ಗತಿ ಅಷ್ಟು ಖಚಿತವಾಗಿದ್ದುದರಿಂದಲೇ ಹಳೆಯ ದಾಖಲೆಯೊಡನೆ ಹೋಲಿಸಲು ಸಾಧ್ಯವಾಯಿತು. 2019ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದಾಗ ಇದರ ಬೆಲೆ 21.25 ಲಕ್ಷ ಡಾಲರ್.

ಬೆಲೆ ಹೇಗೆ ಬಂತು?

ಗಿರಾಕಿಗಳ ಸಂಖ್ಯೆ ಅತ್ಯಲ್ಪವಾಗಿದ್ದರೆ ಸಂಶೋಧನಾ ವೆಚ್ಚವನ್ನು ಕೆಲವೇ ರೋಗಿಗಳ ಮೇಲೆ ಹಂಚಬೇಕಾಗುತ್ತದೆ. ಇದನ್ನು ಮನಗಂಡು ಅಮೆರಿಕ ಸರ್ಕಾರವು 1983ರಲ್ಲಿ ಅನಾಥ ಔಷಧಿ ಕಾಯಿದೆಯನ್ನು ಜಾರಿಗೆ ತಂದು, ಎರಡು ಲಕ್ಷಕ್ಕಿಂತ ಕಡಿಮೆ ರೋಗಿಗಳಿರುವ ಕಾಯಿಲೆಗಳ ಔಷಧಿಗೆ ಏಳು ವರ್ಷಗಳ ಮಾರಾಟದ ಏಕಸ್ವಾಮ್ಯವನ್ನೂ, ಪ್ರಯೋಗದ ವೆಚ್ಚದ ಮೇಲೆ ತೆರಿಗೆ ರಿಯಾಯಿತಿಯನ್ನೂ ನೀಡಿತು. ಇದಲ್ಲದೆ ಜೋಲ್ಜೆನ್ಸ್ಮಾ ರೂಪಿಸಿದ ಅವೆಕ್ಸಿಸ್ ಕಂಪನಿಯನ್ನು ನೊವಾರ್ಟಿಸ್ 2018ರಲ್ಲಿ 870 ಕೋಟಿ ಡಾಲರ್ ತೆತ್ತು ಖರೀದಿಸಿತು. ಹೀಗೆ ತೊಡಗಿಸಿದ ಬಂಡವಾಳ ಬೆಲೆಯಿಂದಲೇ ಹಿಂದಿರುಗಬೇಕೆಂದು ಹೂಡಿಕೆದಾರರು ನಿರೀಕ್ಷಿಸುವುದು ಸಹಜ. ಆದ್ದರಿಂದ ಈ ಬೆಲೆಯಲ್ಲಿ ತಯಾರಿಕಾ ವೆಚ್ಚದ ಜೊತೆಗೆ ಏಕಸ್ವಾಮ್ಯದ ಪಾಲೂ, ನಿರೀಕ್ಷಿತ ಲಾಭದ ಪಾಲೂ ಸೇರಿದೆ ಎಂದು ತಿಳಿಯಬೇಕು.

ಪೈಪೋಟಿ ಬಂದಾಗ ಏನಾಗುತ್ತದೆಂಬುದಕ್ಕೆ ನಮ್ಮ ದೇಶದಲ್ಲಿಯೇ ನಿದರ್ಶನವಿದೆ. ಬಾಯಿಯ ಮೂಲಕ ಸೇವಿಸುವ ರಿಸ್ಡಿಪ್ಲಾಮ್ ಎಂಬ ಔಷಧಿಯ ಒಂದು ಬಾಟಲಿಗೆ ಭಾರತದಲ್ಲಿ ಸುಮಾರು ರೂ. 6 ಲಕ್ಷ ಬೆಲೆಯಿತ್ತು. ಹೈದರಾಬಾದಿನ ನ್ಯಾಟ್ಕೋ ಫಾರ್ಮಾ ಇದರ ಜೆನೆರಿಕ್ ತಯಾರಿಸಲು ಮುಂದಾದಾಗ ರೋಶ್ ಕಂಪನಿಯು ಪೇಟೆಂಟಿನ ಆಧಾರದ ಮೇಲೆ ತಡೆಯಾಜ್ಞೆ ಕೋರಿತು. ದೆಹಲಿ ಉಚ್ಚ ನ್ಯಾಯಾಲಯ 2025ರ ಮಾರ್ಚ್‌ನಲ್ಲಿ ತಡೆಯಾಜ್ಞೆ ನಿರಾಕರಿಸಿತು. ಅಕ್ಟೋಬರ್‌ನಲ್ಲಿ ವಿಭಾಗೀಯ ಪೀಠ ಅದನ್ನೇ ಎತ್ತಿಹಿಡಿಯಿತು. ಸರ್ವೋಚ್ಚ ನ್ಯಾಯಾಲಯವೂ ಮಧ್ಯಪ್ರವೇಶಿಸಲಿಲ್ಲ. ನ್ಯಾಟ್ಕೋ ಘೋಷಿಸಿದ ಬೆಲೆ ಬಾಟಲಿಗೆ ರೂ. 15,900. ಇಪ್ಪತ್ತು ಕಿಲೋ ಮೀರಿದ ರೋಗಿಗೆ ವರ್ಷಕ್ಕೆ ಸುಮಾರು 30 ಬಾಟಲಿ ಬೇಕು. ಅಂದರೆ ಸುಮಾರು ರೂ. 1.8 ಕೋಟಿಯ ವಾರ್ಷಿಕ ವೆಚ್ಚ ರೂ. 4.8 ಲಕ್ಷದ ಆಸುಪಾಸಿಗೆ ಇಳಿಯಿತು. ಇದೂ ಕಾರ್ಮಿಕ ಕುಟುಂಬದ ಅಳವಿಗೆ ಮೀರಿದ್ದೇ. ಆದರೆ ಒಂದು ಸಂಘ, ಒಂದು ಊರು ಸೇರಿ ಹೊರಬಹುದಾದ ಮೊತ್ತ.

ಎಲ್ಲ ಪ್ರಯೋಗಗಳೂ ಫಲಿಸುವುದಿಲ್ಲ

ಗಂಡುಮಕ್ಕಳನ್ನು ಬಾಧಿಸುವ ಡುಷೇನ್ ಎಂಬ ಸ್ನಾಯು ಕ್ಷಯದ ವಿಷಯದಲ್ಲಿ ಚಿತ್ರ ಬೇರೆ. ಎಲೆವಿಡಿಸ್ ಎಂಬ ಜೀನ್ ಚಿಕಿತ್ಸೆಗೆ 2023ರ ಜೂನ್‌ನಲ್ಲಿ ಅಮೆರಿಕದಲ್ಲಿ ತ್ವರಿತ ಅನುಮೋದನೆ ನೀಡಲಾಯಿತು. ಆಧಾರವಾಗಿದ್ದುದು ಸ್ನಾಯುವಿನಲ್ಲಿ ಪ್ರೋಟೀನ್ ಉತ್ಪತ್ತಿಯಾಗುತ್ತಿದೆ ಎಂಬ ಅಂಶ. ಅದೇ ವರ್ಷ ಹೊರಬಿದ್ದ 125 ಬಾಲಕರ ಪ್ರಯೋಗದಲ್ಲಿ ಅದು ಚಲನಶಕ್ತಿಯ ಮುಖ್ಯ ಗುರಿಯನ್ನು ಮುಟ್ಟಲಿಲ್ಲ. 2025ರಲ್ಲಿ ಈ ಚಿಕಿತ್ಸೆ ಪಡೆದಿದ್ದ, ನಡೆಯಲಾರದ ಇಬ್ಬರು ಬಾಲಕರು ಯಕೃತ್ತಿನ ವೈಫಲ್ಯದಿಂದ ಮೃತಪಟ್ಟರು. ತರುವಾಯ ಬಳಕೆಯನ್ನು ನಡೆಯಬಲ್ಲ ಮಕ್ಕಳಿಗೆ ಸೀಮಿತಗೊಳಿಸಲಾಯಿತು. ಆರ್ಡರು ಬಂದಿದೆ ಎಂದ ಮಾತ್ರಕ್ಕೆ ಹಣ ಜಮೆಯಾದಂತಲ್ಲ ಎಂಬುದು ವ್ಯಾಪಾರಸ್ಥರಿಗೆ ಹೇಳಬೇಕಾದ ಮಾತಲ್ಲ. ಆದಕಾರಣ ಮನವಿ ಬಂದಾಗ ಯಾವ ರೋಗ, ಯಾವ ಔಷಧಿ, ಮಗುವಿನ ವಯಸ್ಸೆಷ್ಟು, ಸೂಚಿಸಿದ ತಜ್ಞರು ಯಾರು ಎಂದು ವಿಚಾರಿಸುವುದು ನಿರ್ದಯತೆಯಲ್ಲ.

ನಾವು ತಿಳಿದಿರಬೇಕಾದುದು

ತೆರಿಗೆಯ ವಿಷಯದಲ್ಲಿ ಸರ್ಕಾರ ಹಂತಹಂತವಾಗಿ ಪರಿಹಾರ ನೀಡಿದೆ. ರಾಷ್ಟ್ರೀಯ ವಿರಳ ರೋಗಗಳ ನೀತಿಯ ಪಟ್ಟಿಯಲ್ಲಿರುವ ರೋಗಗಳಿಗೆ ಸ್ವಂತ ಬಳಕೆಗಾಗಿ ಆಮದಾಗುವ ಔಷಧಿಗೆ 2023ರ ಏಪ್ರಿಲ್ 1ರಿಂದ ಮೂಲ ಸೀಮಾ ಸುಂಕವಿಲ್ಲ; ಇದಕ್ಕೆ ನಿಗದಿತ ವೈದ್ಯಾಧಿಕಾರಿಯ ಪ್ರಮಾಣಪತ್ರ ಅಗತ್ಯ. 2025ರ ಸೆಪ್ಟೆಂಬರ್ 22ರಿಂದ ಜೋಲ್ಜೆನ್ಸ್ಮಾದ ಮೂಲ ಔಷಧಿ, ರಿಸ್ಡಿಪ್ಲಾಮ್ ಸೇರಿದಂತೆ 33 ಜೀವರಕ್ಷಕ ಔಷಧಿಗಳ ಮೇಲಿನ ಜಿಎಸ್‌ಟಿ ಶೂನ್ಯ. 2021ರ ಆ ನೀತಿಯಡಿ ಉತ್ಕೃಷ್ಟತಾ ಕೇಂದ್ರಗಳ ಮೂಲಕ ಪ್ರತಿ ರೋಗಿಗೆ ರೂ. 50 ಲಕ್ಷದವರೆಗೆ ನೆರವಿಗೆ 2022ರಲ್ಲಿ ಅವಕಾಶ ಕಲ್ಪಿಸಲಾಯಿತು. ಬೆಂಗಳೂರಿನಲ್ಲಿ ಮಾನವ ತಳಿವಿಜ್ಞಾನ ಕೇಂದ್ರವು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೊಡನೆ ಇಂತಹ ಕೇಂದ್ರವಾಗಿದೆ. ಇನ್ನು ದೇಣಿಗೆಯ ಬಗ್ಗೆ: ವ್ಯಕ್ತಿಯ ಖಾತೆಗೆ ನೇರ ಕಳುಹಿಸಿದ ಹಣಕ್ಕೆ ಆದಾಯ ತೆರಿಗೆ ವಿನಾಯಿತಿ ಇಲ್ಲ. ಅನುಮೋದಿತ ಸಂಸ್ಥೆಗೆ ಕೊಟ್ಟರೆ, ಅದೂ ಹಳೆಯ ಪದ್ಧತಿಯಲ್ಲಿ ತೆರಿಗೆ ಕಟ್ಟುವ ವ್ಯಕ್ತಿಗಳಿಗೆ, ವಿನಾಯಿತಿ ಉಂಟು; ರೂ. 2,000 ಮೀರಿದ ನಗದು ದೇಣಿಗೆಗೆ ಇಲ್ಲ.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಒಮ್ಮೆ ಸತ್ತ ನರಕೋಶವನ್ನು ಈ ಯಾವ ಔಷಧಿಯೂ ಮರಳಿ ತರಲಾರದು. ರೋಗಲಕ್ಷಣ ಕಾಣುವ ಮೊದಲೇ ನುಸಿನರ್ಸೆನ್ ಆರಂಭಿಸಿದ 25 ಶಿಶುಗಳ ಇನ್ನೊಂದು ಅಧ್ಯಯನದಲ್ಲಿ ಹೆಚ್ಚಿನವು ನಡೆಯಲು ಕಲಿತವು. ಆದುದರಿಂದ ಹಣ ಸಂಗ್ರಹಕ್ಕೆ ಕಳೆಯುವ ಪ್ರತಿ ತಿಂಗಳೂ ನಷ್ಟವೇ. ತಂದೆ ತಾಯಿ ಇಬ್ಬರೂ ದೋಷದ ವಾಹಕರಾಗಿದ್ದರೆ ಪ್ರತಿ ಗರ್ಭದಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ವಾಹಕರು ತಾವು ಆರೋಗ್ಯವಾಗಿಯೇ ಇರುತ್ತಾರೆ. ಸೋದರ ಸಂಬಂಧದ ವಿವಾಹಗಳು ಈಗಲೂ ನಡೆಯುವ ನಮ್ಮ ನಾಡಿನಲ್ಲಿ ಇಂತಹ ರೋಗಗಳ ಸಂಭವ ಹೆಚ್ಚು. ವಾಹಕತ್ವವನ್ನು ಒಂದು ರಕ್ತಪರೀಕ್ಷೆಯಿಂದ ತಿಳಿಯಬಹುದು. ಹಿಂದೆ ಮನೆತನದಲ್ಲಿ ಶಿಶುಮರಣ ಕಂಡವರು ಮದುವೆಯ ಮಾತುಕತೆಯ ಹೊತ್ತಿಗೋ ಗರ್ಭದ ಆರಂಭದಲ್ಲಿಯೋ ತಜ್ಞರನ್ನು ಕಾಣುವುದು ಒಳಿತು.

ನಮ್ಮ ಆ ಉದ್ಯಮಿ ಮಿತ್ರರು ದೇಣಿಗೆಯನ್ನು ನೀಡಿದರು. ಜೊತೆಗೆ ತಮ್ಮ ಕಾರ್ಖಾನೆಯ ನೋಟೀಸು ಹಲಗೆಯ ಮೇಲೆ ಬೆಂಗಳೂರಿನ ಕೇಂದ್ರದ ಹೆಸರು, ವಾಹಕ ಪರೀಕ್ಷೆಯ ವಿಷಯಗಳನ್ನು ಕನ್ನಡದಲ್ಲಿ ಬರೆಸಿ ಹಾಕಿದರು. ಸದಸ್ಯ ಬಾಂಧವರೆಲ್ಲರೂ ಇದನ್ನು ಅನುಸರಿಸಬಹುದು.