ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್: ಡ್ರೈವರ್ ತೊಡಕುಗಳು ಮತ್ತು ಪರಿಹಾರ

ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ಕೊನೆಗೊಳಿಸಿತು. ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಪರಿಷ್ಕರಣೆಗಳು ದೊರೆಯುವುವೆಂದು ಆಗ ಪ್ರಕಟಿಸಲಾಯಿತು. ವಿಂಡೋಸ್ 11 ಆದರೋ ಹಳೆಯ ಗಣಕಗಳನ್ನು ಒಪ್ಪುವುದಿಲ್ಲ. ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡನ್ನೂ, ಇಂಟೆಲ್ ಯಂತ್ರವಾದರೆ ಸುಮಾರಾಗಿ 2017ರಲ್ಲಿ ಬಂದ ಎಂಟನೆಯ ತಲೆಮಾರಿನ ಅಥವಾ ಅದಕ್ಕೂ ಈಚಿನ ಪ್ರೊಸೆಸರನ್ನೂ ಅದು ಬೇಡುತ್ತದೆ.

ಹೀಗಾಗಿ, ಮಕ್ಕಳು ಕಾಲೇಜಿಗೆಂದು ಕೊಂಡು, ಉದ್ಯೋಗ ದೊರೆತ ಮೇಲೆ ಹಿರಿಯರಿಗೆ ಬಿಟ್ಟುಹೋದ ಎಷ್ಟೋ ಲ್ಯಾಪ್‌ಟಾಪುಗಳು ಯಂತ್ರವಾಗಿ ಗಟ್ಟಿಯಾಗಿದ್ದರೂ ದಿಕ್ಕಿಲ್ಲದಂತಾಗಿವೆ. ಹಿರಿಯರು ಊರಿನ ಪತ್ರಿಕೆ ಓದುವುದೂ, ಪಿಂಚಣಿ ಬಂದಿತೇ ಎಂದು ಬ್ಯಾಂಕಿನ ಖಾತೆ ನೋಡುವುದೂ ಇವುಗಳಲ್ಲಿಯೇ. ಭದ್ರತಾ ಪರಿಷ್ಕರಣೆ ನಿಂತ ಯಂತ್ರದಲ್ಲಿ ಹಣದ ವ್ಯವಹಾರ ಮಾಡುವುದು ಅಗುಳಿಯಿಲ್ಲದ ಬಾಗಿಲಿನ ಮನೆಯಲ್ಲಿ ಮಲಗಿದಂತೆ. ಅಂಥ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಲಿನಕ್ಸ್ ಅಳವಡಿಸಿ ನೋಡಬಹುದೆಂಬುದು ನಮ್ಮ ಅಭಿಪ್ರಾಯ.

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಇಂದು ಹಲವು ರೂಪಗಳಲ್ಲಿ ಉಚಿತವಾಗಿ ದೊರೆಯುತ್ತದೆ. ವಿಂಡೋಸ್ ಬಳಸಿ ರೂಢಿಯಾದವರಿಗೆ ಲಿನಕ್ಸ್ ಮಿಂಟ್ ಒಗ್ಗುತ್ತದೆ. 4 ಜಿಬಿ ಸ್ಮೃತಿಯ ಯಂತ್ರವಾದರೆ ಅದರ ಎಕ್ಸ್‌ಎಫ್‌ಸಿಇ ಆವೃತ್ತಿಯು ಹಗುರ. ಹಳೆಯ ಹಾರ್ಡ್‌ಡಿಸ್ಕನ್ನು ತೆಗೆದು ಒಂದು ಸಣ್ಣ ಎಸ್‌ಎಸ್‌ಡಿ ಹಾಕಿಸಿದರೆ ಆಗುವ ಚುರುಕು ಯಾವ ತಂತ್ರಾಂಶ ಬದಲಾವಣೆಯಿಂದಲೂ ಆಗದು. ಹಣ ವ್ಯಯಿಸುವುದಿದ್ದರೆ ಅಲ್ಲಿ ವ್ಯಯಿಸಬೇಕು.

ಅಳವಡಿಸುವ ಮುನ್ನ ಕಡತಗಳೆಲ್ಲವನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಬೇಕು. ಬಿಟ್‌ಲಾಕರ್ ಚಾಲನೆಯಲ್ಲಿದ್ದರೆ ಅದರ ರಿಕವರಿ ಕೀಲಿಯನ್ನು ಕಾಗದದ ಮೇಲೆ ಬರೆದಿಡಬೇಕು. ಕನ್ನಡಿಗರಾದ ನಮಗೆ ಇನ್ನೂ ಒಂದು ಎಚ್ಚರ ಅಗತ್ಯ. ಸಂಘದ ಸ್ಮರಣ ಸಂಚಿಕೆಗಳು, ವಾರ್ಷಿಕ ವರದಿಗಳು, ಹಿರಿಯರ ಕವನಗಳು ಬಹುಪಾಲು ನುಡಿ ಅಥವಾ ಬರಹದ ಹಳೆಯ ಆವೃತ್ತಿಗಳಲ್ಲಿ ಟೈಪಾದವು. ಅವು ಯೂನಿಕೋಡ್ ಅಲ್ಲ. ಅಂದಿನ ಫಾಂಟುಗಳಿಲ್ಲದ ಯಂತ್ರದಲ್ಲಿ ಅಂಥ ಕಡತ ತೆರೆದರೆ ಅರ್ಥವಾಗದ ರೋಮನ್ ಚಿಹ್ನೆಗಳ ರಾಶಿ ಕಾಣುತ್ತದೆ. ಫಾಂಟುಗಳನ್ನು ಲಿನಕ್ಸಿಗೆ ನಕಲು ಮಾಡಿದರೆ ಓದಲು ತಕ್ಕಮಟ್ಟಿಗೆ ಬರಬಹುದು, ಆದರೆ ಪದ ಹುಡುಕಲಾಗದು. ಆದುದರಿಂದ ವಿಂಡೋಸ್ ಇನ್ನೂ ಯಂತ್ರದಲ್ಲಿರುವಾಗಲೇ, ಆಯಾ ತಂತ್ರಾಂಶದ ಪರಿವರ್ತಕದಿಂದ ಅವನ್ನು ಯೂನಿಕೋಡಿಗೆ ತಂದು, ಒತ್ತಕ್ಷರ, ಅರ್ಕಾವತ್ತುಗಳು ಸರಿಯಿವೆಯೇ ಎಂದು ಓದಿ ನೋಡಿಕೊಳ್ಳಬೇಕು. ಈ ಕೆಲಸಕ್ಕೆ ಒಂದು ವಾರ ಹಿಡಿದರೂ ಅವಸರ ಸಲ್ಲದು.

ಲಿನಕ್ಸ್ ಪ್ರತಿಯನ್ನು ಇಳಿಸಿಕೊಂಡು, ರೂಫಸ್ ಎಂಬ ಉಚಿತ ತಂತ್ರಾಂಶದ ಮೂಲಕ 8 ಜಿಬಿಯ ಪೆನ್‌ಡ್ರೈವಿಗೆ ಬರೆಯಬಹುದು. ಪೆನ್‌ಡ್ರೈವಿನಲ್ಲಿ ಮೊದಲಿದ್ದುದೆಲ್ಲ ಅಳಿಸಿಹೋಗುತ್ತದೆ. ಯಂತ್ರವನ್ನು ಅದರಿಂದಲೇ ಆರಂಭಿಸಿದರೆ ಒಳಗಿನ ಡಿಸ್ಕನ್ನು ಮುಟ್ಟದೆ ಲಿನಕ್ಸ್ ನಡೆಯುತ್ತದೆ. ವೈಫೈ, ಧ್ವನಿ, ಕ್ಯಾಮೆರಾ, ಮುದ್ರಕ ಇವೆಲ್ಲವನ್ನೂ ಹೀಗೆ ಪರೀಕ್ಷಿಸಿಕೊಳ್ಳಬಹುದು. ಮುಚ್ಚಳ ಮುಚ್ಚಿ ತೆರೆದರೆ ಯಂತ್ರ ಎಚ್ಚರಗೊಳ್ಳುವುದೇ ಎಂಬುದನ್ನೂ ನೋಡಬೇಕು. ಡ್ರೈವರ್ ತೊಡಕುಗಳಲ್ಲಿ ಹೆಚ್ಚಿನವು ಇಲ್ಲಿಯೇ ಬಯಲಾಗುತ್ತವೆ.

ಡ್ರೈವರ್ ಎಂದರೆ ಯಂತ್ರದ ಬಿಡಿಭಾಗಕ್ಕೂ ವ್ಯವಸ್ಥೆಗೂ ನಡುವೆ ನಿಂತ ದುಭಾಷಿ. ಲಿನಕ್ಸಿನಲ್ಲಿ ಬಹುಪಾಲು ಡ್ರೈವರುಗಳು ಕರ್ನೆಲ್ ಎಂಬ ತಿರುಳಿನೊಂದಿಗೇ ಬರುತ್ತವೆ, ಬಿಡಿಯಾಗಿ ಹುಡುಕಿ ತರಬೇಕಾಗಿಲ್ಲ. ಆದರೆ ವೈಫೈ ಚಿಪ್ಪುಗಳಿಗೆ ಡ್ರೈವರಿನ ಜೊತೆಗೆ ತಯಾರಕರೇ ಕೊಡಬೇಕಾದ ಫರ್ಮ್‌ವೇರ್ ಎಂಬ ಇನ್ನೊಂದು ಕಡತವೂ ಸಾಮಾನ್ಯವಾಗಿ ಬೇಕು. ಅದು ಮುಕ್ತ ತಂತ್ರಾಂಶವಲ್ಲವೆಂಬ ಕಾರಣಕ್ಕೆ ಡೆಬಿಯನ್‌ನವರು ತಮ್ಮ ಅಧಿಕೃತ ಅನುಸ್ಥಾಪನಾ ಪ್ರತಿಯಲ್ಲಿ ಬಹುಕಾಲ ಸೇರಿಸಲಿಲ್ಲ. 2023ರ ಡೆಬಿಯನ್ 12ರಿಂದ ಸೇರಿಸಿದರು. ತತ್ತ್ವನಿಷ್ಠೆ ಸರಿಯೇ, ಆದರೆ ವೈಫೈ ಇಲ್ಲದೆ ವೈಫೈನ ಫರ್ಮ್‌ವೇರ್ ತರುವುದು ಹೇಗೆಂದು ಬಳಕೆದಾರರು ಪರದಾಡುತ್ತಿದ್ದುದೂ ನಿಜ.

ಆ ಪರದಾಟಕ್ಕೆ ಈಗ ಸುಲಭ ಉಪಾಯವಿದೆ. ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆರಂಭಿಸಿದರೆ ಅಂತರ್ಜಾಲ ಸಂಪರ್ಕ ಸಿಗುತ್ತದೆ. ಅನಂತರ ಮಿಂಟ್‌ನ ಡ್ರೈವರ್ ಮ್ಯಾನೇಜರ್ ತೆರೆದರೆ ಬೇಕಾದುದನ್ನು ಅದೇ ಸೂಚಿಸಬಹುದು. ಬ್ರಾಡ್‌ಕಾಮ್ ಚಿಪ್ಪಿನ ಹಳೆಯ ಯಂತ್ರಗಳಲ್ಲಿ ಇದೇ ಸಾಮಾನ್ಯ ಮದ್ದು. ಹಿಂದೆ ವಿಂಡೋಸಿನ ಡ್ರೈವರನ್ನೇ ಎನ್‌ಡಿಐಎಸ್‌ರ‍್ಯಾಪರ್ ಮೂಲಕ ತೊಡಿಸುವ ಸರ್ಕಸ್ ಇತ್ತು. ಈಗ ಯಾರಾದರೂ ಅದನ್ನು ಹೇಳಿದರೆ ಆ ಸಲಹೆ ಹಳತೆಂದು ತಿಳಿಯಬೇಕು.

ಆಗಲೂ ಸರಿಹೋಗದಿದ್ದರೆ ಲ್ಯಾಪ್‌ಟಾಪಿನ ಮಾದರಿಯ ಹೆಸರು ಹಿಡಿದು ಹುಡುಕುವುದು ವ್ಯರ್ಥ, ಏಕೆಂದರೆ ಒಂದೇ ಮಾದರಿಯೊಳಗೆ ಬೇರೆ ಬೇರೆ ಚಿಪ್ಪುಗಳಿರುತ್ತವೆ. ಟರ್ಮಿನಲ್ ತೆರೆದು ಸಣ್ಣ ಅಕ್ಷರಗಳಲ್ಲಿ ಎಲ್‌ಎಸ್‌ಪಿಸಿಐ ಎಂದು, ಒಂದು ಜಾಗ ಬಿಟ್ಟು, ಅಡ್ಡಗೆರೆಯ ಬೆನ್ನಿಗೆ ಎನ್‌ಎನ್‌ಕೆ ಎಂದು ಟೈಪು ಮಾಡಿದರೆ ಒಳಗಿನ ಭಾಗಗಳ ಪಟ್ಟಿ ಬರುತ್ತದೆ. ಪ್ರತಿ ಭಾಗಕ್ಕೂ ಚೌಕ ಆವರಣದಲ್ಲಿ ಎರಡು ಸಂಕೇತಗಳ ಜೋಡಿ ಇರುತ್ತದೆ. ಮೊದಲನೆಯದು ತಯಾರಕರದು, ಎರಡನೆಯದು ಚಿಪ್ಪಿನದು. ಮೊದಲನೆಯದು 8086 ಆಗಿದ್ದರೆ ಇಂಟೆಲ್. 1978ರ ತನ್ನ ಪ್ರಸಿದ್ಧ ಪ್ರೊಸೆಸರಿನ ಹೆಸರನ್ನೇ ಆ ಸಂಸ್ಥೆ ಗುರುತಾಗಿ ಉಳಿಸಿಕೊಂಡಿರುವುದು ಒಂದು ವಿನೋದ. ಭಾಗದ ಕೆಳಗೆ ‘ಕರ್ನೆಲ್ ಡ್ರೈವರ್ ಇನ್ ಯೂಸ್’ ಎಂಬ ಸಾಲು ಇಲ್ಲದಿದ್ದರೆ ಅದಕ್ಕೆ ದುಭಾಷಿ ದೊರೆತಿಲ್ಲವೆಂದು ತಿಳಿಯಬಹುದು. ಆ ಜೋಡಿ ಸಂಕೇತವನ್ನು ಹಿಡಿದು ಹುಡುಕಿದರೆ ಉತ್ತರ ಬೇಗ ಸಿಗುತ್ತದೆ.

ಎನ್‌ವಿಡಿಯಾ ಗ್ರಾಫಿಕ್ಸ್ ಇರುವ ಯಂತ್ರ ಆರಂಭದಲ್ಲೇ ಕಪ್ಪು ಪರದೆ ತೋರಿಸಿದರೆ, ಮೊದಲ ಪಟ್ಟಿಯಲ್ಲಿ ಕಂಪ್ಯಾಟಿಬಿಲಿಟಿ ಮೋಡ್ ಆರಿಸಿ ಒಳಹೊಕ್ಕು, ಲಿನಕ್ಸ್ ಅಳವಡಿಸಿದ ಬಳಿಕ ಸೂಕ್ತ ಡ್ರೈವರ್ ಹಾಕಿಕೊಳ್ಳಬೇಕು. ಸೆಕ್ಯೂರ್ ಬೂಟ್ ಚಾಲನೆಯಲ್ಲಿದ್ದರೆ ಇಂಥ ಡ್ರೈವರ್ ಹಾಕುವಾಗ ಒಂದು ಗುಪ್ತಪದ ಕೇಳಲಾಗುತ್ತದೆ. ಮರು ಆರಂಭದಲ್ಲಿ ನೀಲಿ ಪರದೆಯೊಂದು ಬಂದು ಅದನ್ನೇ ಮತ್ತೆ ಕೇಳುತ್ತದೆ. ಗಾಬರಿಯಿಂದ ಅದನ್ನು ದಾಟಿಸಿಬಿಟ್ಟರೆ ಡ್ರೈವರ್ ಇದ್ದೂ ಕೆಲಸ ಮಾಡದು.

ಅಳವಡಿಸುವಾಗ ಡಿಸ್ಕೇ ಕಾಣದಿದ್ದರೆ, ಬಯಾಸ್‌ನಲ್ಲಿ ಶೇಖರಣೆಯ ವಿಧಾನ ಇಂಟೆಲ್ ಆರ್‌ಎಸ್‌ಟಿ ಎಂದಿರುವ ಸಂಭವ ಹೆಚ್ಚು. ಅದನ್ನು ಎಎಚ್‌ಸಿಐ ಎಂದು ಬದಲಿಸಬೇಕು. ವಿಂಡೋಸನ್ನೂ ಉಳಿಸಿಕೊಳ್ಳುವವರು ಅದು ಸೇಫ್ ಮೋಡಿನಲ್ಲಿ ಆರಂಭವಾಗುವಂತೆ ಮೊದಲು ಏರ್ಪಡಿಸದೆ ಇದನ್ನು ಬದಲಿಸಿದರೆ ವಿಂಡೋಸ್ ಏಳದೆ ಹೋಗಬಹುದು. ಅಂಥವರು ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ಪನ್ನೂ ನಿಲ್ಲಿಸಬೇಕು. ಇಲ್ಲವಾದರೆ ವಿಂಡೋಸ್ ವಿಭಾಗದ ಕಡತಗಳನ್ನು ಲಿನಕ್ಸಿನಿಂದ ತಿದ್ದಲಾಗುವುದಿಲ್ಲ.

ಕನ್ನಡ ಬರವಣಿಗೆಗೆ ಐಬಸ್ ಮತ್ತು ಎಂ17ಎನ್ ಎಂಬ ಪ್ಯಾಕೇಜುಗಳು ಸಾಕು. ನುಡಿಯವರಿಗೆ ಪರಿಚಿತವಾದ ಕೆಜಿಪಿ ವಿನ್ಯಾಸ, ಇನ್‌ಸ್ಕ್ರಿಪ್ಟ್ ಹಾಗೂ ಬರಹದಂತೆ ರೋಮನ್ ಉಚ್ಚಾರಣೆಯಿಂದ ಬರೆಯುವ ಐಟ್ರಾನ್ಸ್ ಮೂರೂ ಅದರಲ್ಲಿವೆ. ಗುಬ್ಬಿ, ನವಿಲು, ಲೋಹಿತ್, ನೋಟೋ ಫಾಂಟುಗಳು ಉಚಿತ.

ಎಲ್ಲರಿಗೂ ಇದು ಒಪ್ಪದು. ಮನೆಯಿಂದಲೇ ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು, ಡಿಜಿಟಲ್ ಸಹಿಯ ಟೋಕನ್ ಬಳಸಿ ತೆರಿಗೆಯ ಕೆಲಸ ಮಾಡುವವರು ವಿಂಡೋಸಿನಲ್ಲೇ ಇರುವುದು ಒಳಿತು. ಬೆರಳಚ್ಚು ಓದುವ ಸಾಧನಗಳಲ್ಲಿಯೂ, ಕೆಲವು ಹಳೆಯ ಲೇಸರ್ ಮುದ್ರಕಗಳಲ್ಲಿಯೂ ತೊಂದರೆ ಉಳಿಯಬಹುದು. ಪತ್ರಿಕೆ, ಮಿಂಚಂಚೆ, ಬ್ಯಾಂಕಿನ ಜಾಲತಾಣ, ಊರಿನವರೊಡನೆ ವೀಡಿಯೋ ಮಾತುಕತೆ ಇಷ್ಟೇ ಬಳಕೆಯಿರುವ ಮನೆಯಲ್ಲಿ, ಪೆನ್‌ಡ್ರೈವಿನಿಂದ ಒಂದೆರಡು ದಿನ ನಡೆಸಿ ನೋಡಿ, ಹಿರಿಯರ ಕೈಗೆ ಹೊಂದಿಕೆಯಾದ ಮೇಲೆಯೇ ‘ಇನ್‌ಸ್ಟಾಲ್’ ಗುಂಡಿಯನ್ನು ಒತ್ತಬೇಕು.